ಎಣಿಕೆ ಸರಿಯಿದ್ದರೂ ಸ್ವಭಾವ ಕೆಟ್ಟರೆ?

ಪ್ಲೇಟ್‌ಲೆಟ್ ಎಂದೊಡನೆ ಮಂಗಳೂರಿನವರಿಗೆ ಮಳೆಗಾಲದ ಡೆಂಗಿ ನೆನಪಾಗುತ್ತದೆ. 2019ರಲ್ಲಂತೂ ಊರೆಲ್ಲ ಅದೇ ಮಾತು. ನಿಮ್ಮ ಎಣಿಕೆ ಒಂದೂವರೆಯಿಂದ ನಾಲ್ಕೂವರೆ ಲಕ್ಷದೊಳಗಿದೆ, ಸರಿ. ಆದರೆ ಸಕ್ಕರೆ ಕಾಯಿಲೆಯಲ್ಲಿ ನೋಡಬೇಕಾದದ್ದು ಎಣಿಕೆಗಿಂತ ಸ್ವಭಾವ. ಆರೋಗ್ಯವಂತ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಸ್ರವಿಸಿ ಈ ಕಣಗಳನ್ನು ಸುಮ್ಮನಿರಿಸುತ್ತದೆ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಆ ಕಡಿವಾಣ ಸಡಿಲವಾಗಿ, ಕಣಗಳು ಸಣ್ಣ ನೆಪಕ್ಕೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಾಳದ ಗೋಡೆಯ ಕೊಬ್ಬಿನ ಗಂಟು ಬಿರಿದಾಗ ಹೆಪ್ಪುಗಟ್ಟಿ ದಾರಿ ಮುಚ್ಚುವುದು ಹೀಗೆ.

ಹಾಗಾದರೆ ಪಕ್ಕದ ಮನೆಯವರಂತೆ ನೀವೂ ದಿನಕ್ಕೊಂದು ಆಸ್ಪಿರಿನ್ ನುಂಗಬಾರದೇಕೆ? ಅದು ಪ್ಲೇಟ್‌ಲೆಟ್ಟನ್ನು ಅದರ ಏಳರಿಂದ ಹತ್ತು ದಿನದ ಆಯುಷ್ಯ ಪೂರ್ತಿ ಮಂಕಾಗಿಸುತ್ತದೆ, ನಿಜ. ಆದರೆ ಮಧುಮೇಹಿಗಳಲ್ಲಿ ಹೊಸ ಕಣಗಳು ಬೇಗಬೇಗ ಹುಟ್ಟುವುದರಿಂದ ಮಾತ್ರೆಯ ಪ್ರಭಾವ ಮರುದಿನದೊಳಗೇ ಇಳಿಯಬಹುದು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ 'ಅಸೆಂಡ್' ಅಧ್ಯಯನ, ಹೃದ್ರೋಗವಿಲ್ಲದ 15,480 ಮಧುಮೇಹಿಗಳನ್ನು ಏಳು ವರ್ಷಕ್ಕೂ ಮಿಕ್ಕಿ ಗಮನಿಸಿತು. ಆಸ್ಪಿರಿನ್ ನುಂಗದವರಿಗೆ ಹೋಲಿಸಿದರೆ ನುಂಗಿದವರಲ್ಲಿ ಗಂಭೀರ ಹೃದಯ, ರಕ್ತನಾಳದ ಆಘಾತಗಳು ಶೇ. 9.6ರಿಂದ 8.5ಕ್ಕೆ ಇಳಿದವು, ದೊಡ್ಡ ರಕ್ತಸ್ರಾವ ಶೇ. 3.2ರಿಂದ 4.1ಕ್ಕೆ ಏರಿತು. ಲಾಭ ನಷ್ಟ ಹೆಚ್ಚುಕಡಿಮೆ ಸಮವೇ. ನಮ್ಮವರಿಗೆ ಹೃದಯಾಘಾತ ಸಣ್ಣ ವಯಸ್ಸಿಗೇ ಬರುತ್ತದಲ್ಲ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಅದರಿಂದ ಹೊಟ್ಟೆಯ ರಕ್ತಸ್ರಾವದ ಭಯ ಕಡಿಮೆಯಾಗುವುದಿಲ್ಲ. ಹುಣ್ಣಿದ್ದವರಿಗೆ ಇನ್ನೂ ಹೆಚ್ಚು. ನೆರೆಯವರಿಗೆ ಸ್ಟೆಂಟ್ ಹಾಕಿದ್ದರೆ ಲೆಕ್ಕವೇ ಬೇರೆ, ಅವರು ವೈದ್ಯರನ್ನು ಕೇಳದೆ ಮಾತ್ರೆ ಬಿಡಬಾರದು. ನೀವು ಮೊದಲು ರಕ್ತದೊತ್ತಡ, ಎಲ್‌ಡಿಎಲ್ ಕೊಲೆಸ್ಟ್ರಾಲ್, ಮೂರು ತಿಂಗಳ ಸಕ್ಕರೆಯ ಸರಾಸರಿ ನೋಡಿಸಿ, ಆಸ್ಪಿರಿನ್ ಮಾತನ್ನು ಆ ವರದಿ ಹಿಡಿದೇ ವೈದ್ಯರ ಮುಂದಿಡಿ.