ಚೆಲ್ಸಿ ಆಟಗಾರರು ಬೇಕಂತಲೇ ಸೋತರಾ?

ತಂಡ ಸೋತ ಕೂಡಲೇ ನಾವು ಹೇಳೋದು ಒಂದೇ ಮಾತು: ‘ಮೋಟಿವೇಶನ್ ಇಲ್ಲ ಮಗಾ!’ ಈ ಮಾತನ್ನು ಚೆಲ್ಸಿಯ 2015-16ರ ಸೀಸನ್‌ಗೆ ಹಚ್ಚಿ ನೋಡೋಣ.

ಮೇ ತಿಂಗಳಲ್ಲಿ ಲೀಗ್ ಗೆದ್ದಿದ್ದ ತಂಡ ಡಿಸೆಂಬರ್ ಹೊತ್ತಿಗೆ 16ರಲ್ಲಿ 9 ಪಂದ್ಯ ಸೋತಿತ್ತು. ಲೆಸ್ಟರ್ ಎದುರು ಸೋತ ರಾತ್ರಿ ಮ್ಯಾನೇಜರ್ ಜೋಸೆ ಮೌರಿನ್ಹೊ, ತನ್ನ ಕೆಲಸಕ್ಕೆ ದ್ರೋಹವಾಯಿತು ಅಂತ ಟಿವಿ ಕ್ಯಾಮೆರಾ ಮುಂದೆಯೇ ಹೇಳಿಬಿಟ್ಟರು. ಮೂರೇ ದಿನಕ್ಕೆ ಕೆಲಸ ಹೋಯಿತು. ಮುಂದಿನ ಪಂದ್ಯದಲ್ಲಿ ಅಭಿಮಾನಿಗಳು ಮೌರಿನ್ಹೊ ಹೆಸರು ಕೂಗಿದರು, ತಮ್ಮದೇ ಕೋಸ್ಟಾ, ಫ್ಯಾಬ್ರೆಗಾಸ್‌ರನ್ನು ಹೀಯಾಳಿಸಿದರು. ತಂಡ 3-1ರಿಂದ ಗೆದ್ದಿತು. ಸಂಶಯ ಇನ್ನೂ ಗಟ್ಟಿಯಾಯಿತು.

ಆದರೆ ಈಡನ್ ಹಜಾರ್ಡ್ ಲೆಕ್ಕ ನೋಡಿ. ಹಿಂದಿನ ಸೀಸನ್‌ನ ಲೀಗ್‌ನಲ್ಲಿ 14 ಗೋಲು. ಈ ಸಲ ಮೊದಲ ಲೀಗ್ ಗೋಲು ಬಂದದ್ದು 2016ರ ಏಪ್ರಿಲ್‌ನಲ್ಲಿ, ಮೌರಿನ್ಹೊ ಹೋಗಿ ನಾಲ್ಕು ತಿಂಗಳಾದ ಮೇಲೆ! ಮ್ಯಾನೇಜರ್ ಮೇಲಿನ ಮುನಿಸೇ ಕಾರಣವಾಗಿದ್ದರೆ ಇಷ್ಟು ದಿನ ಯಾಕೆ? ಸೊಂಟದ ಗಾಯವೂ ಇತ್ತು. ಅದು ಗ್ಯಾಲರಿಗೆ ಕಾಣಲ್ಲ.

ಮುಂದಿನ ಸೀಸನ್‌ನಲ್ಲಿ ಆಂಟೋನಿಯೊ ಕೊಂಟೆ ಬಂದರು. ಹಿಂದೆ ಮೂವರು ಡಿಫೆಂಡರ್‌ಗಳನ್ನು ನಿಲ್ಲಿಸಿದರು, ಮಿಡ್‌ಫೀಲ್ಡ್‌ಗೆ ಎನ್‌ಗೊಲೊ ಕಾಂಟೆ ಸೇರಿದ. ಸತತ 13 ಗೆಲುವು, ಮತ್ತೆ ಲೀಗ್ ಕಪ್ಪಲ್ಲ, ಲೀಗೇ! ಇಷ್ಟೆಲ್ಲ ಒಟ್ಟಿಗೆ ಬದಲಾದರೆ ನಮ್ಮ ಲ್ಯಾಬ್‌ನಲ್ಲಾದರೂ ರೀಡಿಂಗ್ ಒಪ್ಪಲ್ಲ. ಇದರಲ್ಲಿ ಮೋಟಿವೇಶನ್ ಪಾಲೆಷ್ಟು, ಕಾಂಟೆಯ ಓಟದ ಪಾಲೆಷ್ಟು ಅಂತ ಬಿಡಿಸೋದು ಹೇಗೆ?