ಪೂರ್ವವೃತ್ತಾಂತ ಮತ್ತು ಕನಿಕರ: ಟೋಲ್ಕಿನ್ ಅವರ ಗೊಲ್ಲಮ್

ದೀರ್ಘ ಅದ್ಭುತ ಕಥಾಮಾಲೆಗಳಲ್ಲಿ ಪಾತ್ರದ ಪೂರ್ವವೃತ್ತಾಂತವು ಅದರ ಇಂದಿನ ನಡವಳಿಕೆಗೆ ಕಾರಣ ಒದಗಿಸಿ, ಓದುಗರ ಸಹಾನುಭೂತಿಯನ್ನು ಗಳಿಸಿಕೊಡುತ್ತದೆಂಬ ತಿಳಿವಳಿಕೆ ಸಾಮಾನ್ಯವಾದುದು. ಜೆ.ಆರ್.ಆರ್. ಟೋಲ್ಕಿನ್ ಅವರ ಗೊಲ್ಲಮ್ ಪಾತ್ರಕ್ಕೆ ಇದು ಸಾಲದು.

1937ರ ‘ದಿ ಹಾಬಿಟ್’ನ ಮೊದಲ ಆವೃತ್ತಿಯಲ್ಲಿ ಗೊಲ್ಲಮ್ ಬೆಟ್ಟದಡಿಯ ಕತ್ತಲಲ್ಲಿ ವಾಸಿಸುವ ವಿಚಿತ್ರ ಜೀವಿ, ಅಷ್ಟೆ. ಬಿಲ್ಬೊನೊಡನೆ ಒಗಟಿನ ಪಂದ್ಯದಲ್ಲಿ ಸೋತ ಅವನು ಪಣವಾಗಿಟ್ಟಿದ್ದ ಉಂಗುರ ಸಿಗದೆ ಕ್ಷಮೆ ಕೋರಿ, ಹೊರದಾರಿ ತೋರಿಸುತ್ತಾನೆ. ಮುಂದಿನ ಕೃತಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಅದೇ ಉಂಗುರವು ಧರಿಸಿದವರ ಮನಸ್ಸನ್ನೇ ಆಳುವ ಶಕ್ತಿಯಾಯಿತು; ಅದನ್ನು ಯಾರೂ ಇಷ್ಟು ಸುಲಭವಾಗಿ ಬಿಟ್ಟುಕೊಡುವುದು ಅಸಂಭವವೆನಿಸಿತು. ಆದ್ದರಿಂದ 1951ರ ಆವೃತ್ತಿಯಲ್ಲಿ ಈ ಅಧ್ಯಾಯವನ್ನು ತಿದ್ದಲಾಯಿತು. ಅಲ್ಲಿ ಗೊಲ್ಲಮ್ ಕೊಲ್ಲಲು ಬರುತ್ತಾನೆ. ಅದೃಶ್ಯನಾದ ಬಿಲ್ಬೊ ಕೈಯಲ್ಲಿ ಕತ್ತಿಯಿದ್ದರೂ ಕನಿಕರಗೊಂಡು ಅವನನ್ನು ಹಾರಿ ಪಾರಾಗುತ್ತಾನೆ. ಹಳೆಯ ಪಾಠವು ಬಿಲ್ಬೊ ಹೇಳಿದ ಸುಳ್ಳೆಂದು ಕಥೆಯೊಳಗೇ ಉಳಿಯಿತು. ಪಾಠಾಂತರವೇ ಪಾತ್ರದ ಅಪರಾಧವಾಗುವ ಇಂಥ ನಿದರ್ಶನ ಗ್ರಂಥಸಂಪಾದಕರಿಗೂ ಅಪರೂಪವೇ.

ಗೊಲ್ಲಮ್‌ನ ಹಿಂದಿನ ಬದುಕು ತೆರೆದುಕೊಳ್ಳುವುದು 1954ರ ಮೊದಲ ಸಂಪುಟದ ಎರಡನೆಯ ಅಧ್ಯಾಯದಲ್ಲಿ. ನದೀತೀರದ ಹಾಬಿಟ್ ಸದೃಶ ಜನರಲ್ಲಿ ಅವನು ಸ್ಮೀಗೊಲ್ ಆಗಿದ್ದ; ಗೆಳೆಯ ಡೀಗೊಲ್‌ಗೆ ನದಿಯಲ್ಲಿ ಸಿಕ್ಕ ಉಂಗುರವನ್ನು ಹುಟ್ಟುಹಬ್ಬದ ಉಡುಗೊರೆಯಾಗಿ ಕೇಳಿ, ಕೊಡದಿದ್ದಾಗ ಕತ್ತು ಹಿಸುಕಿ ಕೊಂದ. ಅದು ತನಗೆ ಬಂದ ಉಡುಗೊರೆಯೆಂಬ ಅವನ ಸುಳ್ಳಿಗೂ ಬಿಲ್ಬೊನ ಸುಳ್ಳಿಗೂ ಇರುವ ಹೋಲಿಕೆಯನ್ನು ನಿರೂಪಕನಾದ ಗ್ಯಾಂಡಾಲ್ಫ್ ಗುರುತಿಸುತ್ತಾನೆ.

ಗಮನಾರ್ಹವಾದ ಸಂಗತಿಯೆಂದರೆ, ಇಷ್ಟೆಲ್ಲ ಕೇಳಿದ ಬಿಲ್ಬೊನ ವಾರಸುದಾರ ಫ್ರೋಡೊನಲ್ಲಿ ಕನಿಕರ ಹುಟ್ಟುವುದಿಲ್ಲ. ಗೊಲ್ಲಮ್ ಮರಣಕ್ಕೆ ಅರ್ಹನೆಂದೇ ಅವನು ವಾದಿಸುತ್ತಾನೆ. ಏನೂ ತಿಳಿಯದ ಬಿಲ್ಬೊ ಕನಿಕರಿಸಿದ್ದ, ಎಲ್ಲವನ್ನೂ ತಿಳಿದ ಫ್ರೋಡೊ ಕನಿಕರಿಸಲಿಲ್ಲ. ಎರಡನೆಯ ಸಂಪುಟದಲ್ಲಿ, ಉಂಗುರದ ಭಾರವನ್ನು ತಾನೇ ಹೊತ್ತು ನಡೆದು ಗೊಲ್ಲಮ್‌ನನ್ನು ಕಣ್ಣಾರೆ ಕಂಡಾಗಲಷ್ಟೇ ಆ ಹಳೆಯ ಮಾತು ಅವನೊಳಗೆ ಕೆಲಸ ಮಾಡತೊಡಗುತ್ತದೆ. ಗೊಲ್ಲಮ್‌ನನ್ನು ಸದಾ ಶಂಕಿಸುವ ಒಡನಾಡಿ ಸ್ಯಾಮ್‌ನ ಕತ್ತಿಯೂ ತಡೆಯುವುದು, ಅಲ್ಪಕಾಲ ಉಂಗುರವನ್ನು ಹೊತ್ತ ಬಳಿಕವೇ. ಪೂರ್ವವೃತ್ತಾಂತವು ಇಲ್ಲಿ ಮಾಹಿತಿಯಾಗಿ ಫಲಿಸದು. ಕೇಳುಗನ ಅನುಭವಕ್ಕಾಗಿ ಅದು ಕಾಯುತ್ತದೆ. ಗೊಲ್ಲಮ್‌ನ ಕೊಲೆಯನ್ನು ಅದು ಮನ್ನಿಸುವುದೂ ಇಲ್ಲ.

ಉಂಗುರವನ್ನು ನಾಶಪಡಿಸಬೇಕಾದ ಅಗ್ನಿಪರ್ವತದಲ್ಲಿ ಫ್ರೋಡೊ ಕೊನೆಯ ಗಳಿಗೆಗೆ ಸೋತು ಅದು ತನ್ನದೆನ್ನುತ್ತಾನೆ. ಅವನ ಬೆರಳನ್ನೇ ಕಚ್ಚಿ ತುಂಡರಿಸಿ ಉಂಗುರದೊಡನೆ ಬೆಂಕಿಗೆ ಬೀಳುವವನು, ಮೂವರೂ ಕೊಲ್ಲದೆ ಬಿಟ್ಟ ಗೊಲ್ಲಮ್.