ರಂಪಕ್ಕೆ ರಾಗಿ ಡಬ್ಬಿ

ಮಗು ನೆಲಕ್ಕೆ ಬಿದ್ದು ಹೊರಳಾಡುತ್ತಿರುವಾಗ ‘ಕಣ್ಣಿಗೆ ಕಾಣೋ ಐದು ವಸ್ತು ಹೇಳು ಪುಟ್ಟಾ’ ಎಂದು ಕೇಳುವ ಅಪ್ಪ ಅಮ್ಮಂದಿರು ಈಚೆಗೆ ಹೆಚ್ಚಾಗಿದ್ದಾರೆ. ರೀಲ್ಸ್‌ನಲ್ಲಿ ನೋಡಿ ಕಲಿತ ಉಪಾಯ: 5 ನೋಡು, 4 ಮುಟ್ಟು, 3 ಕೇಳು, 2 ಮೂಸು, 1 ರುಚಿ ನೋಡು. ಉಪಾಯ ಒಳ್ಳೆಯದೇ. ಆದರೆ ಮಗು ಐದಿರಲಿ, ಒಂದನ್ನೂ ಹೇಳುವುದಿಲ್ಲ. ಇನ್ನಷ್ಟು ಜೋರಾಗಿ ಕಿರುಚುತ್ತದೆ. ‘ಇವೆಲ್ಲ ನಮ್ಮನೇಲಿ ನಡೆಯಲ್ಲ ಬಿಡಿ’ ಎಂದು ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗಿಸುವಲ್ಲಿಗೆ ಪ್ರಯೋಗ ಮುಗಿಯುತ್ತದೆ. ನಡೆಯುತ್ತದೆ, ಖಂಡಿತ ನಡೆಯುತ್ತದೆ. ಕಲಿಸುವ ಹೊತ್ತು ತಪ್ಪಿದೆ, ಅಷ್ಟೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಂದು ಐದನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಇನ್ನೂ ಎರಡಿವೆ: ಒಳಗಿವಿಯಲ್ಲಿರುವ ಸಮತೋಲನದ ಅರಿವು ಮತ್ತು ಸ್ನಾಯು, ಕೀಲುಗಳಿಂದ ಮಿದುಳಿಗೆ ತಲುಪುವ ಮೈಯರಿವು. ಇವಕ್ಕೂ ಮಕ್ಕಳ ಕಲಿಕೆಗೂ ಇರುವ ನಂಟಿನ ಬಗ್ಗೆ ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ 1972ರಲ್ಲೇ ಪುಸ್ತಕ ಬರೆದರು. ಅದಕ್ಕೂ ಬಹಳ ಹಿಂದೆ ಮಾರಿಯಾ ಮಾಂಟೆಸ್ಸರಿ ತಮ್ಮ ಶಾಲೆಗಳಲ್ಲಿ, ಮೈ ಅಲುಗಿಸದೆ ಕೂತು ಸದ್ದು ಆಲಿಸುವ ಮೌನದ ಆಟ ಆಡಿಸುತ್ತಿದ್ದರು. ನಮ್ಮ ಮಟ್ಟಿಗೆ ಸಮತೋಲನ, ಮೈಯರಿವು ಎಂಬ ಆ ಎರಡೇ ಹೆಚ್ಚು ಕೆಲಸಕ್ಕೆ ಬರುವುದು.

ಮೊದಲ ಕೆಲಸ, ಒಂದು ವಾರ ಸುಮ್ಮನೆ ಗಮನಿಸಿ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆಯೇ? ಅಂಗಿಯ ಕತ್ತಿನ ಲೇಬಲ್ ಚುಚ್ಚುತ್ತದೆ ಎಂದು ಬೆಳಿಗ್ಗೆ ಬೆಳಿಗ್ಗೆ ಜಗಳವೇ? ಕಾಲರ್, ಪೆನ್ಸಿಲ್ ಜಗಿಯುವ ಚಾಳಿ ಇದೆಯೇ? ಸೋಫಾದಿಂದ ಸೋಫಾಕ್ಕೆ ಹಾರುತ್ತಾನೆಯೇ? ಒಂದು ಮಗುವಿಗೆ ಹಿತವಾದದ್ದು ಇನ್ನೊಂದಕ್ಕೆ ಹಿಂಸೆ. ಪಕ್ಕದ ಮನೆಯ ಹುಡುಗ ಬಿಗಿಯಾಗಿ ತಬ್ಬಿಕೊಂಡರೆ ತಣ್ಣಗಾಗುತ್ತಾನೆಂದು ನಿಮ್ಮ ಮಗಳನ್ನೂ ತಬ್ಬಲು ಹೋಗಬೇಡಿ. ಮುಟ್ಟಿದರೇ ಕೆರಳುವ ಮಕ್ಕಳಿದ್ದಾರೆ. ಕಂಡದ್ದನ್ನು ಚೀಟಿಯಲ್ಲಿ ಬರೆದಿಡಿ.

ಆಮೇಲೆ ಒಂದೆರಡು ಚಟುವಟಿಕೆ ಮಾತ್ರ ಆರಿಸಿ. ಯಾವುದೆಂದು ತಿಳಿಯದಿದ್ದರೆ ಮೈಗೆ ಭಾರ ಬೀಳುವ ಕೆಲಸದಿಂದ ಶುರು ಮಾಡಿ. ಬಹುತೇಕ ಮಕ್ಕಳಿಗೆ ಅದು ಒಗ್ಗುತ್ತದೆ. ಚಪಾತಿ ಹಿಟ್ಟು ನಾದುವುದು, ಅರ್ಧ ತುಂಬಿದ ಕೊಡ ಎತ್ತಿ ತರುವುದು, ಒದ್ದೆ ಬಟ್ಟೆ ಹಿಂಡುವುದು, ಎರಡೂ ಅಂಗೈಯಿಂದ ಗೋಡೆಯನ್ನು ತಳ್ಳುವುದು. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳನ್ನು ಹಿತುಕಲು ಕೂರಿಸಿ. ಸಿಪ್ಪೆ ಬಿಟ್ಟು ಬೇಳೆ ‘ಚಿಳ್’ ಎಂದು ಹಾರುವಾಗ ಐದು ವರ್ಷದ ಚಂಚಲ ಹುಡುಗನೂ ನಾಲಿಗೆ ಕಚ್ಚಿಕೊಂಡು ಬೋಗುಣಿಗೆ ಗುರಿ ಇಡುತ್ತಾನೆ. ಬೆರಳಿಗೆ ಒತ್ತಡ, ಕಣ್ಣಿಗೆ ಗುರಿ, ಮನೆಗೆ ಹಿತಕಬೇಳೆ ಸಾರು. ದುಡ್ಡು ಕೊಟ್ಟು ತರಿಸುವ ಸೆನ್ಸರಿ ಆಟಿಕೆಗಳಲ್ಲಿ ಇಷ್ಟೆಲ್ಲ ಒಟ್ಟಿಗೆ ಸಿಗುವುದನ್ನು ನಾನಂತೂ ಕಂಡಿಲ್ಲ.

ಶೀರ್ಷಿಕೆಯ ರಾಗಿ ಡಬ್ಬಿ ಹೀಗೆ: ಅಗಲ ಬಾಯಿಯ ಡಬ್ಬಿಗೆ ಅರ್ಧದಷ್ಟು ರಾಗಿ ಸುರಿದು ಹತ್ತು ಹುಣಸೆ ಬೀಜ ಹುದುಗಿಸಿ. ಮಗು ಕಣ್ಣು ಮುಚ್ಚಿ, ಮಣಿಕಟ್ಟಿನವರೆಗೆ ಕೈ ಇಳಿಸಿ ಒಂದೊಂದೇ ಹುಡುಕಿ ತೆಗೆಯಲಿ. ನಡುವೆ ನೀವು ಮಾತಾಡಬೇಡಿ. ‘ಶಹಭಾಷ್’ ಕೂಡ ಬೇಡ. ಮೂರು ವರ್ಷದೊಳಗಿನ ಮಕ್ಕಳಿಗೆ ಕಾಳು, ಬೀಜ ಕೊಡಲೇಬಾರದು. ಮೂಗಿಗೂ ಕಿವಿಗೂ ತುರುಕಿಕೊಳ್ಳುತ್ತಾರೆ, ಗಂಟಲಿಗೆ ಸಿಕ್ಕಿದರೆ ಪ್ರಾಣಕ್ಕೇ ಕುತ್ತು. ದೊಡ್ಡ ಮಕ್ಕಳೊಂದಿಗೂ ನೀವು ಪಕ್ಕದಲ್ಲಿರಿ.

ಕಿವಿಗೆ: ಕಂಚಿನ ಲೋಟಕ್ಕೆ ಚಮಚದಿಂದ ಒಂದೇ ಏಟು. ನಾದ ಪೂರ್ತಿ ಅಡಗಿದ ಕ್ಷಣ ಮಗು ಕೈ ಎತ್ತಬೇಕು. ಜೋಕಾಲಿ ಇದ್ದರೆ ಹಿಂದಕ್ಕೂ ಮುಂದಕ್ಕೂ ನಿಧಾನ ತೂಗಿ. ಗಿರಗಿರ ತಿರುಗಿಸಿದರೆ ಮಗು ಇನ್ನಷ್ಟು ಕೆರಳಬಹುದು. ಮೂಗಿಗೆ ಏಲಕ್ಕಿ, ದವನ, ಜಜ್ಜಿದ ನಿಂಬೆ ಎಲೆ ಸಾಕು. ಕರ್ಪೂರ, ನೀಲಗಿರಿ ಎಣ್ಣೆಯನ್ನು ಮಕ್ಕಳ ಕೈಗೆಟುಕುವಂತೆ ಇಡಬೇಡಿ. ಹೊಟ್ಟೆಗೆ ಹೋದರೆ ಸ್ವಲ್ಪವೇ ಆದರೂ ಫಿಟ್ಸ್ ಬರಬಹುದು.

ಉಸಿರಿನ ವಿಷಯದಲ್ಲಿ ಒಂದು ಮಾತು. ‘ದೀರ್ಘವಾಗಿ ಉಸಿರು ತಗೋ’ ಎಂದರೆ ಮಕ್ಕಳು ಭುಜ ಮೇಲೆತ್ತಿ ಗಾಳಿ ನುಂಗುತ್ತಾರೆ. ಎದೆಬಡಿತ ಇಳಿಯುವುದು ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಬಿಟ್ಟಾಗ. ‘ಬಿಸಿ ಹಾಲು ಆರಿಸೋ ಹಾಗೆ ಊದು’ ಎನ್ನಿ. ಸೋಪಿನ ಗುಳ್ಳೆ ಇನ್ನೂ ವಾಸಿ. ಅವಸರದಲ್ಲಿ ಊದಿದರೆ ಒಡೆಯುತ್ತದೆ, ಮೆಲ್ಲಗೆ ಊದಿದರೆ ದೊಡ್ಡದಾಗುತ್ತದೆ. ಪಾಠವನ್ನು ಗುಳ್ಳೆಯೇ ಹೇಳುತ್ತದೆ.

ಎಲ್ಲರೂ ಎಡವುವುದು ಇಲ್ಲಿ

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತು ರಂಪದ ಹೊತ್ತಿನಲ್ಲೇ ಕಲಿಸಹೊರಡುವ ತಪ್ಪಿಗೇ ಹೇಳಿ ಮಾಡಿಸಿದಂತಿದೆ. ಮದುವೆ ಛತ್ರದ ದೃಶ್ಯ ನೆನಪಿಸಿಕೊಳ್ಳಿ. ಮುಹೂರ್ತದ ಗಟ್ಟಿಮೇಳ, ವಿಡಿಯೊದವರ ಲೈಟು, ಜರಿ ಲಂಗದ ಕಡಿತ, ಊಟಕ್ಕೆ ತಡ. ನಾಲ್ಕು ವರ್ಷದ ಹುಡುಗಿ ಕಿವಿ ಮುಚ್ಚಿ ಅರಚಲು ಶುರು ಮಾಡುತ್ತಾಳೆ. ಹತ್ತು ಜನ ಸುತ್ತುವರಿಯುತ್ತಾರೆ. ಅಮ್ಮ ‘ಹಾಲು ಊದು ಚಿನ್ನಾ, ಊದು’ ಎನ್ನುತ್ತಾಳೆ, ಅಜ್ಜಿ ‘ಬೂಚಿ ಬರ್ತಾನೆ ನೋಡು’ ಎನ್ನುತ್ತಾರೆ, ಸೋದರಮಾವ ಚಾಕೊಲೇಟು ಹಿಡಿದು ಬರುತ್ತಾನೆ. ಆಗಲೇ ಉಕ್ಕಿ ಹರಿಯುತ್ತಿರುವ ಮಿದುಳಿಗೆ ಇವೆಲ್ಲ ಹೆಚ್ಚುವರಿ ಗದ್ದಲ. ಆ ಹೊತ್ತಿನಲ್ಲಿ ಮಗುವಿಗೆ ಹೊಸದಾಗಿ ಏನನ್ನೂ ಕಲಿಯಲಾಗದು. ಯೋಚಿಸಿ ತಡೆದುಕೊಳ್ಳುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದೇ 25ರ ಆಸುಪಾಸಿನಲ್ಲಿ. ದೊಡ್ಡವರಿಗೇ ಸಿಟ್ಟಿನಲ್ಲಿ ಬುದ್ಧಿವಾದ ಹಿಡಿಸುವುದಿಲ್ಲ.

ಆದ್ದರಿಂದ ಅಭ್ಯಾಸ ಮಾಡಿಸುವುದು ಮಗು ಖುಷಿಯಾಗಿರುವಾಗ. ಸಂಜೆ ತಿಂಡಿ ತಿಂದು ಹೊಟ್ಟೆ ತುಂಬಿದ ಮೇಲೆ, ದಿನವೂ ಅದೇ ಹೊತ್ತಿಗೆ, ಐದು ನಿಮಿಷ ಮೀರದಂತೆ, ಆಟವಾಗಿ. ನೀವೂ ಜೊತೆಗೆ ಆಡಬೇಕು. ಮೊಬೈಲ್ ನೋಡುತ್ತಾ ‘ಹೂಂ, ಮಾಡು’ ಎಂದರೆ ಆಗದು. ಆಟಕ್ಕೆ ಮಗುವೇ ಹೆಸರಿಡಲಿ, ಆ ಹೆಸರೇ ಮುಂದೆ ನಿಮ್ಮಿಬ್ಬರ ಗುಟ್ಟಿನ ಸನ್ನೆಯಾಗುತ್ತದೆ. ಎರಡು ಮೂರು ವಾರ ಹೀಗೆ ನಡೆದ ಮೇಲೆ ಸಣ್ಣ ಸಿಟ್ಟಿನಲ್ಲಿ ಪರೀಕ್ಷಿಸಿ: ಚೌಕಾಬಾರದಲ್ಲಿ ಕಾಯಿ ಹೊಡೆಸಿಕೊಂಡಾಗ, ಅಣ್ಣ ಪೆನ್ಸಿಲ್ ಕಸಿದಾಗ. ತುಟಿ ನಡುಗಿ ಕಣ್ಣು ತುಂಬುವ ಹಂತದಲ್ಲೇ, ಅರಚಾಟಕ್ಕೆ ಮೊದಲೇ, ಆ ಹೆಸರು ಹೇಳಿ. ಛತ್ರದ ರಂಪದಲ್ಲಿ ಫಲ ಸಿಗುವುದು ಇದೆಲ್ಲ ಆದ ನಂತರ, ಅದೂ ಎಲ್ಲ ಸಲ ಅಲ್ಲ.

ಅಷ್ಟರೊಳಗೆ ದೊಡ್ಡ ರಂಪವಾದರೆ? ಗದ್ದಲದಿಂದ ಆಚೆ ಕರೆದೊಯ್ಯಿರಿ. ಛತ್ರವಾದರೆ ಹಿತ್ತಲೋ ಪಾರ್ಕಿಂಗ್ ಜಾಗವೋ ಇರುತ್ತದೆ. ಮಗುವಿನ ಎತ್ತರಕ್ಕೆ ಕೂತು, ಸುಮ್ಮನೆ ನಿಮ್ಮ ಉಸಿರನ್ನು ನಿಧಾನ ಮಾಡಿ. ‘ಇಲ್ಲೇ ಇದ್ದೀನಿ ಕಂದಾ’ ಎಂಬುದಕ್ಕಿಂತ ಹೆಚ್ಚಿನ ಮಾತು ಬೇಡ. ನೀವೇ ಕುದಿಯುತ್ತಿದ್ದರೆ ಮನೆಯ ಇನ್ನೊಬ್ಬರಿಗೆ ಒಪ್ಪಿಸಿ ಎರಡು ನಿಮಿಷ ದೂರ ಹೋಗುವುದರಲ್ಲಿ ನಾಚಿಕೆಯೇನಿಲ್ಲ. ಏನಾಯಿತೆಂಬ ವಿಚಾರಣೆ ಊಟವಾದ ಮೇಲೆ ನಡೆದರೆ ಸಾಕು.

ಹಾಗೆಯೇ ಇದನ್ನು ಶಿಕ್ಷೆಯಾಗಿಸಬೇಡಿ. ‘ಗಲಾಟೆ ಮಾಡ್ತೀಯಾ? ಹೋಗು, ರಾಗಿ ಡಬ್ಬಿ ಹತ್ರ ಕೂತ್ಕೋ’ ಎಂದು ಒಮ್ಮೆ ಗದರಿದರೂ ಆ ಡಬ್ಬಿಯ ಕಥೆ ಮುಗಿಯಿತು. ಮಗು ಇನ್ನು ಅದರ ಕಡೆ ತಿರುಗಿಯೂ ನೋಡದು.

ಬೂಚಿಯ ಮಾತು ಬಿಟ್ಟರೆ ಅಜ್ಜಿಯಂದಿರ ಮೇಲೆ ನನಗೆ ದೂರಿಲ್ಲ. ಮಡಿಲಲ್ಲಿ ಮಲಗಿಸಿಕೊಂಡು ಒಂದೇ ಲಯದಲ್ಲಿ ಬೆನ್ನು ತಟ್ಟುವ ಅವರ ಪದ್ಧತಿ ಮುಟ್ಟಿಸಿಕೊಳ್ಳಲು ಇಷ್ಟಪಡುವ ಮಗುವಿಗೆ ಬಹಳ ಚೆನ್ನ. ಆನ್‌ಲೈನ್‌ನಲ್ಲಿ ಸಿಗುವ ತೂಕದ ಹೊದಿಕೆಯನ್ನು ಮಾತ್ರ ಥೆರಪಿಸ್ಟ್ ಹೇಳದೆ ತರಬೇಡಿ. ಸಣ್ಣ ಮಕ್ಕಳಿಗೆ ಉಸಿರು ಕಟ್ಟುವ ಅಪಾಯವಿದೆ.

ಓದಿನ ಗಮನಕ್ಕೆ: ಹೋಮ್‌ವರ್ಕ್‌ಗೆ ಕೂರುವ ಮುನ್ನ ಹತ್ತು ನಿಮಿಷ ಕುಂಟೆಬಿಲ್ಲೆ ಅಥವಾ ಮೆಟ್ಟಿಲು ಹತ್ತಿಳಿಯುವ ಕೆಲಸ, ಎದುರಿಗೆ ಖಾಲಿ ಗೋಡೆ, ಟಿ.ವಿ. ಬಂದ್. ಜಗಿಯುವ ಚಾಳಿಯ ಮಗುವಿಗೆ ಕ್ಯಾರೆಟ್ ಕೊಡಿ. ನಿಂತು ಬರೆಯುತ್ತೇನೆಂದರೆ ಬರೆಯಲಿ. ಶಾಲೆಯಲ್ಲಿ ಬೋರ್ಡ್ ಒರೆಸುವ, ಪುಸ್ತಕದ ಕಟ್ಟು ಹೊರುವ ಕೆಲಸ ಕೊಡುವಂತೆ ಟೀಚರನ್ನು ಕೇಳಿಕೊಳ್ಳಬಹುದು.

ಮಾತು ತಡವಾಗಿದ್ದರೆ, ಕರೆದರೆ ತಿರುಗದಿದ್ದರೆ, ತಲೆ ಚಚ್ಚಿಕೊಳ್ಳುವುದೋ ಕಚ್ಚಿಕೊಳ್ಳುವುದೋ ಇದ್ದರೆ, ರಂಪದಿಂದ ಶಾಲೆಯೇ ತಪ್ಪುತ್ತಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ, ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ರಂಪದ ಒಂದು ನಿಮಿಷದ ವಿಡಿಯೊ ಇದ್ದರೆ ವೈದ್ಯರಿಗೆ ಅನುಕೂಲ. ಅದನ್ನು ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ.